ಹಳೇ ಕಾರಿನ ಹ್ಯಾಂಡ್‌ಬ್ರೇಕ್ ರಿಪೇರಿ ಸಾಮಾನು: ಯಾವುದು ಕೊಳ್ಳುವಂಥದ್ದು, ಯಾವುದು ಬೇಡ

ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಅಂದರೆ ಬಹಳಷ್ಟು ಜನ ಮೊದಲು ಕೊಳ್ಳುವುದು ಕೇಬಲ್. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುವ ಹಳೇ ಕಾರುಗಳಲ್ಲಿ ಕೇಬಲ್ ಅನೇಕ ಸಲ ನಿರಪರಾಧಿ. ಡ್ರಮ್ ಬಿಚ್ಚಿ ನೋಡಿದರೆ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನು) ಸವೆದಿರುತ್ತದೆ, ಅಡ್ಜಸ್ಟರ್ (ಶೂಗೂ ಡ್ರಮ್ಮಿಗೂ ನಡುವಿನ ಅಂತರ ಸರಿಪಡಿಸುವ ಭಾಗ) ತುಕ್ಕು ಹಿಡಿದು ಅಲ್ಲಾಡದೆ ನಿಂತಿರುತ್ತದೆ, ಸ್ಪ್ರಿಂಗ್ ಬಿಗಿ ಕಳೆದುಕೊಂಡಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ಸಿಗುವ ಕೇಬಲ್, ಶೂ, ಸ್ಪ್ರಿಂಗ್ ಕಿಟ್, ಅಡ್ಜಸ್ಟರ್, ಹತ್ಯಾರ, ಸ್ಪ್ರೇ, ಗ್ರೀಸು ಇವನ್ನೆಲ್ಲ ಒಟ್ಟಿಗೇ ಇಟ್ಟು ತೂಗಬೇಕು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರಯೋಜನ ಕೊಡುವುದು ಸ್ಪ್ರಿಂಗ್ ಕಿಟ್. ಎರಡನೆಯದು, ಕೇಬಲ್ ಎಳೆದಾಗ ಡ್ರಮ್ಮಿನೊಳಗೆ ಶೂವನ್ನು ತಳ್ಳುವ ಚಿಕ್ಕ ಲಿವರ್ ಕೂಡಿಸಿಯೇ ಬರುವ ಶೂ ಸೆಟ್. ಕೇಬಲ್ ಮೂರನೆಯದು. ಸ್ಕ್ರೂ ಹಾಕಿ ಬಿಗಿಯುವ ‘ಯೂನಿವರ್ಸಲ್’ ಕೇಬಲ್ ರಿಪೇರಿ ಕಿಟ್ ಮಾತ್ರ ಯಾವ ಕಾರಿಗೂ ಬೇಡ.

ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಮಾಡಿ

ಕೈಯಿಂದ ಎತ್ತುವ ಲಿವರ್ ಮೇಲಿನವರೆಗೆ ಬರುತ್ತದೆ, ಜೊತೆಗೆ ಕಾಲಿನ ಬ್ರೇಕ್ ಪೆಡಲ್ ಕೂಡ ಆಳಕ್ಕೆ ಇಳಿಯುತ್ತದೆ, ಎರಡು ಸಲ ಒತ್ತಿದ ಮೇಲೆ ಪೆಡಲ್ ಮೇಲೇರುತ್ತದೆ. ಹೀಗಿದ್ದರೆ ಶೂಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾಗಿದೆ ಎಂದರ್ಥ. ಕೇಬಲ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಪೆಡಲ್ ಗಟ್ಟಿಯಾಗಿದ್ದು ಲಿವರ್ ಮಾತ್ರ ಮೇಲೆ ಬರುತ್ತಿದ್ದರೆ ಕೇಬಲ್ ಕಡೆ ಅನುಮಾನ ಪಡಬಹುದು.

ಒಂದೇ ಚಕ್ರ ಹಿಡಿಯುತ್ತಿದ್ದರೆ ಕಾರಿನ ಕೆಳಗೆ ಈಕ್ವಲೈಜರ್ ನೋಡಿ. ಲಿವರಿನಿಂದ ಬಂದ ಒಂದು ಎಳೆತವನ್ನು ಎರಡು ಕೇಬಲ್‌ಗಳಿಗೆ ಸಮನಾಗಿ ಹಂಚುವ ಅಡ್ಡಪಟ್ಟಿ ಅದು. ಕೆಲವು ಕಾರುಗಳಲ್ಲಿ ಲಿವರಿನ ಬುಡದಲ್ಲೇ, ಒಳಗಡೆ ಇರುತ್ತದೆ. ಒಬ್ಬರು ಲಿವರ್ ಎತ್ತುವಾಗ ಇನ್ನೊಬ್ಬರು ಗಮನಿಸಿದರೆ ಪಟ್ಟಿ ನೇರವಾಗಿಯೇ ಬರಬೇಕು. ಓರೆಯಾಗಿ ತಿರುಗಿತೋ, ಹಿಂದೆ ಉಳಿದ ಕಡೆಯ ಕೇಬಲ್ ಕಚ್ಚಿಕೊಂಡಿದೆ, ಇಲ್ಲವೇ ಆ ಕಡೆಯ ಡ್ರಮ್ಮಿನೊಳಗೆ ಲಿವರ್ ಜಾಮ್ ಆಗಿದೆ.

ಲಿವರ್ ಇಳಿಸಿದ ಮೇಲೂ ಚಕ್ರ ಬಿಡದಿದ್ದರೆ ಪರೀಕ್ಷೆ ಇನ್ನೂ ಸುಲಭ. ಆ ಚಕ್ರದ ಕೇಬಲ್ಲನ್ನು ಈಕ್ವಲೈಜರ್ ಕಡೆಯಿಂದ ಬಿಚ್ಚಿ ಸಡಿಲ ಬಿಡಿ. ಒಳತಂತಿಯನ್ನು ಕೈಯಿಂದ ಎಳೆದು ಬಿಟ್ಟಾಗ ಅದು ತಾನಾಗಿ ಹಿಂದಕ್ಕೆ ಹೋಗಬೇಕು. ಎಳೆದಲ್ಲೇ ನಿಂತರೆ ದೋಷ ಕೇಬಲ್ಲಿನಲ್ಲೋ ಡ್ರಮ್ಮಿನೊಳಗಿನ ಲಿವರಿನಲ್ಲೋ ಇದೆ. ಡ್ರಮ್ ತೆಗೆದು ಕೇಬಲ್ ತುದಿಯನ್ನು ಶೂ ಲಿವರಿನಿಂದ ಬಿಡಿಸಿದರೆ ಯಾವುದರಲ್ಲಿ ಎಂದು ತಿಳಿಯುತ್ತದೆ.

ಎತ್ತಿದ ಲಿವರ್ ನಿಲ್ಲದೆ ತಾನೇ ಕೆಳಗೆ ಬಿದ್ದರೆ ಸವೆದಿರುವುದು ರ್‍ಯಾಚೆಟ್ ಹಲ್ಲು ಅಥವಾ ಅದಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆ. ಹಲ್ಲನ್ನು ಅರದಿಂದ ಉಜ್ಜಿ ಚೂಪು ಮಾಡುವ ಪ್ರಯತ್ನ ಬೇಡ. ಮೇಲ್ಮೈ ಗಡಸುತನ ಹೋಗಿ ಇನ್ನೂ ಬೇಗ ಸವೆಯುತ್ತದೆ. ಪೂರ್ತಿ ಲಿವರ್ ಅಸೆಂಬ್ಲಿಯನ್ನೇ ಬದಲಿಸಬೇಕು. ಲಿವರ್ ಕೂರುವ ನೆಲದ ತಗಡೇ ತುಕ್ಕು ತಿಂದಿದ್ದರೆ ಮೊದಲು ಬಾಡಿ ಕೆಲಸ ಆಗಬೇಕು.

ಕಾರು ಎತ್ತುವಾಗ

ಈ ಕೆಲಸದಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟೇ ಇರಬೇಕು. ಆದ್ದರಿಂದ ಕಾರನ್ನು ಹಿಡಿದಿಡುವುದು ಮುಂದಿನ ಚಕ್ರಗಳಿಗೆ ಕೊಟ್ಟ ಅಡೆ ಮಾತ್ರ. ಸಮತಟ್ಟಾದ ಗಟ್ಟಿ ನೆಲ, ಎರಡೂ ಮುಂಚಕ್ರಗಳಿಗೆ ಮುಂದೆ ಹಿಂದೆ ಅಡೆ, ಹಿಂದೆ ಎರಡು ಜಾಕ್ ಸ್ಟ್ಯಾಂಡ್. ಇವಿಲ್ಲದೆ ಶುರು ಮಾಡಬೇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಟೊಳ್ಳು ಇಟ್ಟಿಗೆ, ಸಿಮೆಂಟ್ ಬ್ಲಾಕ್ ಒಮ್ಮೆಲೇ ಪುಡಿಯಾಗುತ್ತವೆ. ಹಿಂಚಕ್ರ ಓಡಿಸುವ ಕಾರನ್ನು ಗೇರಿನಲ್ಲಿ ಬಿಟ್ಟರೆ ಯಾವ ರಕ್ಷಣೆಯೂ ಸಿಗುವುದಿಲ್ಲ, ಆ ಚಕ್ರಗಳೇ ಗಾಳಿಯಲ್ಲಿರುತ್ತವೆ.

ಎಲ್ಲ ಕಾರಿನಲ್ಲೂ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೇ ಇರುವುದಿಲ್ಲ. ಹಳೇ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ಅದು ಟ್ರಾನ್ಸ್‌ಫರ್ ಬಾಕ್ಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ, ಹಿಂಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಕೂತ ಒಂದೇ ಡ್ರಮ್. ಅಂಥ ವಾಹನದ ಒಂದು ಹಿಂಚಕ್ರ ಎತ್ತಿದರೆ ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಮೂಲಕ ಆ ಚಕ್ರ ತಿರುಗುತ್ತದೆ, ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಗಾಡಿ ಉರುಳಬಹುದು. ಸಿಟ್ರೊಯೆನ್ ಜಿಎಸ್, ಬಿಎಕ್ಸ್, ಮೊದಮೊದಲ ಸಾಬ್ 900 ಇವುಗಳಲ್ಲಿ ಹ್ಯಾಂಡ್‌ಬ್ರೇಕ್ ಮುಂದಿನ ಡಿಸ್ಕ್‌ಗಳಿಗಿದೆ. ಭಾಗ ಕೊಳ್ಳುವಾಗ ನಿಮ್ಮ ಕಾರಿನ ವರ್ಷ ಮತ್ತು ಬ್ರೇಕಿನ ಬಗೆ ಎರಡನ್ನೂ ಹೇಳಿ.

ಕೇಬಲ್

ಕಾರು ತಯಾರಕರದೇ ಕೇಬಲ್ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಹೊರಗಿನ ಕಂಪನಿಗಳ ಕೇಬಲ್ಲಿನಲ್ಲೂ ಒಳ್ಳೆಯವಿವೆ. ಪೊಟ್ಟಣದ ಮೇಲಿನ ಹೆಸರಿಗಿಂತ ಕೈಯಲ್ಲಿ ಹಿಡಿದು ನೋಡಿದರೆ ಹೆಚ್ಚು ಗೊತ್ತಾಗುತ್ತದೆ. ಹಳೆಯದನ್ನು ಬಿಚ್ಚಿ ಹೊಸದರ ಪಕ್ಕ ಮಲಗಿಸಿ ಮೂರು ಅಳತೆ ತೆಗೆಯಿರಿ: ಹೊರಕವಚದ ಉದ್ದ, ಒಳತಂತಿ ಪೂರ್ತಿ ಒಂದು ಕಡೆ ಎಳೆದಾಗ ಹೊರಬರುವ ಉದ್ದ, ಕಾರಿನ ಮೈಗೆ ಬಿಗಿಯುವ ಬ್ರ್ಯಾಕೆಟ್ ಇರುವ ಜಾಗ. ಒಟ್ಟು ಉದ್ದ ಸರಿಯಿದ್ದೂ ಎರಡನೇ ಅಳತೆ ತಪ್ಪಿದ ಕೇಬಲ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹೊರಬರುವ ತಂತಿ ಕಡಿಮೆಯಾದರೆ ಕೇಬಲ್ ಬಿಗಿಯುವ ಅಡ್ಜಸ್ಟಿಂಗ್ ನಟ್ ಪೂರ್ತಿ ಸಡಿಲ ಬಿಟ್ಟರೂ ಶೂ ಡ್ರಮ್ಮಿಗೆ ಉಜ್ಜುತ್ತದೆ. ಹೆಚ್ಚಾದರೆ ನಟ್ಟಿನ ಮರೆ (ತಿರುಪಿನ ಸುರುಳಿ ಗೆರೆ) ಮುಗಿದರೂ ಬಿಗಿ ಬರುವುದಿಲ್ಲ. ಅನೇಕ ಕಾರುಗಳಲ್ಲಿ ಎಡ ಬಲದ ಕೇಬಲ್ ಉದ್ದ ಬೇರೆ ಬೇರೆ, ಅದನ್ನೂ ಮರೆಯಬೇಡಿ.

ಆಮೇಲೆ ತುದಿಗಳನ್ನು ನೋಡಿ. ಒಳತಂತಿಯ ಕೊನೆಯ ಗುಂಡು ಅಚ್ಚುಕಟ್ಟಾಗಿ ಒತ್ತಿ ಕೂರಿಸಿರಬೇಕು, ತಂತಿಯ ಎಳೆ ಒಂದೂ ಹೊರಗೆ ಚಾಚಿರಬಾರದು. ಮೂಲ ಕೇಬಲ್ಲಿನಲ್ಲಿ ಲೋಹದ ತುದಿ ಇದ್ದ ಕಡೆ ಅಗ್ಗದ ಕೇಬಲ್ಲಿನಲ್ಲಿ ಪ್ಲಾಸ್ಟಿಕ್ ಬಂದಿದ್ದರೆ ಬಿಟ್ಟುಬಿಡಿ. ಎಳೆತದ ಪೂರ್ತಿ ಪ್ರತಿಬಲ ಬೀಳುವುದು ಆ ತುದಿಯ ಮೇಲೆಯೇ. ರಬ್ಬರ್ ಬೂಟು ಮೃದುವಾಗಿದ್ದು ತಂತಿಗೆ ಒತ್ತಿ ಕೂತಿರಬೇಕು. ಕೇಬಲ್ ಕೆಡಲು ಶುರುವಾಗುವುದು ಬೂಟು ಹರಿದ ಜಾಗದಿಂದ. ನೀರು ಒಳಗಿಳಿದು, ಸುರುಳಿ ಕವಚದೊಳಗೆ ನಿಂತು, ಅಲ್ಲಿ ತುಕ್ಕು ಉಬ್ಬಿ ತಂತಿಯನ್ನು ಬಿಗಿಹಿಡಿಯುತ್ತದೆ.

ಎಣ್ಣೆ ಹಾಕಬೇಕೇ ಎಂಬ ಪ್ರಶ್ನೆಗೆ ಉತ್ತರ ಕೇಬಲ್ಲಿನ ಒಳಗೇ ಇದೆ. ತುದಿಯಲ್ಲಿ ಪ್ಲಾಸ್ಟಿಕ್ ಕೊಳವೆ ಇಣುಕುತ್ತಿದ್ದರೆ ಅದು ಲೈನಿಂಗ್ ಇರುವ ಕೇಬಲ್. ತಯಾರಕರು ಹೇಳದ ಹೊರತು ಅದಕ್ಕೆ ಎಣ್ಣೆ ಗ್ರೀಸು ಬೇಡ, ಧೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಲೈನಿಂಗ್ ಇಲ್ಲದ ಹಳೇ ಮಾದರಿಯ ಸುರುಳಿ ಕೇಬಲ್ಲಿಗೆ ಮಾತ್ರ ಕೂರಿಸುವ ಮೊದಲೇ ಗ್ರೀಸು ಸವರಬೇಕು. ಕಚ್ಚಿಕೊಂಡ ಹಳೇ ಕೇಬಲ್ಲಿಗೆ ತುಕ್ಕು ಬಿಡಿಸುವ ಎಣ್ಣೆ ಸುರಿದು ಅಲ್ಲಾಡಿಸಿದರೆ ಆ ಹೊತ್ತಿಗೆ ಬಿಟ್ಟೀತು. ತುಕ್ಕು ತಿಂದ ಎಳೆಗಳು ಹಾಗೇ ಇರುತ್ತವೆ, ಮತ್ತೆ ಕಚ್ಚುತ್ತವೆ. ಹೆಚ್ಚಿನ ಎಣ್ಣೆ ತಂತಿಗುಂಟ ಇಳಿದು ಡ್ರಮ್ಮಿನೊಳಗೆ ಶೂ ಮೇಲೆ ಸೇರುವ ಅಪಾಯ ಬೇರೆ.

ಈಗ ಯೂನಿವರ್ಸಲ್ ಕಿಟ್ ವಿಚಾರ. ಒಂದು ಉದ್ದ ತಂತಿ, ಒಂದು ಹಿತ್ತಾಳೆ ಅಥವಾ ಉಕ್ಕಿನ ಗುಂಡು, ಅದರಲ್ಲಿ ತಂತಿಯನ್ನು ಒತ್ತಿ ಹಿಡಿಯುವ ಸ್ಕ್ರೂ. ನೋಡಲು ಸರಳ. ಸ್ಕ್ರೂವಿನ ಮೊನೆ ಹೆಣೆದ ತಂತಿಯ ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ, ಪ್ರತಿ ಎಳೆತಕ್ಕೂ ತಂತಿ ಕೂದಲೆಳೆಯಷ್ಟು ಜಾರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಒಂದು ಸ್ಕ್ರೂ ಹಿಡಿತದ ಮೇಲೆ ನಿಂತಿರುತ್ತದೆ. ಬಿಟ್ಟುಹೋಗುವ ಮೊದಲು ಯಾವ ಸೂಚನೆಯೂ ಸಿಗುವುದಿಲ್ಲ. ಸೈಕಲ್ ಬ್ರೇಕಿಗೆ ಒಪ್ಪುವ ವಿಧಾನ ಒಂದು ಟನ್ ತೂಕಕ್ಕೆ ಒಪ್ಪದು. ಸಡಿಲ ಕೇಬಲ್ಲಿಗೆ ವಾಷರ್, ಕೊಳವೆ ತುಂಡು ಸೇರಿಸಿ ಬಿಗಿ ತರಿಸುವುದೂ ಇದೇ ಜಾತಿಯ ಕೆಲಸ.

ಕೂರಿಸುವಾಗ ಎರಡು ಕಡೆ ಜನ ಒದ್ದಾಡುತ್ತಾರೆ. ಮೊದಲನೆಯದು, ಬ್ಯಾಕ್ ಪ್ಲೇಟಿನ (ಡ್ರಮ್ಮಿನ ಹಿಂಬದಿಯ, ತಿರುಗದ ತಗಡು) ತೂತಿನಿಂದ ಹಳೇ ಕೇಬಲ್ ಬಿಡಿಸುವುದು. ತುದಿಯಲ್ಲಿ ಬೆರಳಿನ ಹಾಗೆ ಬಿರಿದು ನಿಂತ ಮೂರು ನಾಲ್ಕು ತಗಡಿನ ನಾಲಿಗೆಗಳಿದ್ದರೆ ಸುತ್ತಲೂ ಒಂದೇ ಸಲಕ್ಕೆ ಒತ್ತಬೇಕು. ಹದವಾದ ಅಳತೆಯ ರಿಂಗ್ ಸ್ಪ್ಯಾನರನ್ನು, ಸಾಮಾನ್ಯವಾಗಿ 12 ಅಥವಾ 13 ಮಿ.ಮೀ., ತಂತಿಯ ಮೇಲಿಂದ ತೂರಿಸಿ ನಾಲಿಗೆಗಳ ಮೇಲೆ ತಳ್ಳಿದರೆ ಎಲ್ಲವೂ ಮುದುಡುತ್ತವೆ, ಕೇಬಲ್ ಹಿಂದಕ್ಕೆ ಜಾರುತ್ತದೆ. ಸಣ್ಣ ಹೋಸ್ ಕ್ಲಿಪ್ ಸುತ್ತಿ ಬಿಗಿದರೂ ಆಗುತ್ತದೆ. ಎರಡನೆಯದು ದಾರಿ. ಹಳೆಯದು ಹೋದ ದಾರಿಯಲ್ಲೇ, ಪ್ರತಿ ಕ್ಲಿಪ್ಪಿನಲ್ಲೂ ಸಿಕ್ಕಿಸಿ, ಸೈಲೆನ್ಸರ್ ಪೈಪಿನ ಶಾಖ ತಡೆಯುವ ತಗಡಿನ ಮೇಲ್ಭಾಗದಲ್ಲಿ ಹೊಸದನ್ನು ಹಾಯಿಸಿ. ಎಲ್ಲೂ ಚೂಪು ತಿರುವು ಬೇಡ. ಚಕ್ರ ಜೋತಾಡುವಾಗ ಸರಿ ಕಂಡ ಕೇಬಲ್, ಕಾರು ನೆಲಕ್ಕಿಳಿದು ಸಸ್ಪೆನ್ಷನ್ ಮೇಲೆ ಕೂತಾಗ ಎಳೆದುಕೊಳ್ಳಬಹುದು, ಹಾಗಾಗಿ ಎರಡು ಸ್ಥಿತಿಯಲ್ಲೂ ನೋಡಿ.

ಡ್ರಮ್ ಬಿಚ್ಚುವುದು

ಡ್ರಮ್ಮನ್ನು ಹಿಡಿದಿರುವ ಸಣ್ಣ ಸ್ಕ್ರೂ ತಲೆ ಕೆಡುವುದು ಸಾಮಾನ್ಯ. ಸುತ್ತಿಗೆಯಿಂದ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದಕ್ಕೆ ಸರಿಯಾದ ಹತ್ಯಾರ. ಬಹಳ ಡ್ರಮ್ಮುಗಳಲ್ಲಿ ಮರೆ ಇರುವ ಎರಡು ತೂತುಗಳಿರುತ್ತವೆ, ಹೆಚ್ಚಾಗಿ 8 ಮಿ.ಮೀ. ಬೋಲ್ಟ್ ಹಿಡಿಯುವಂಥವು. ಎರಡು ಬೋಲ್ಟ್ ಹಾಕಿ ಸರದಿಯಂತೆ ಅರ್ಧರ್ಧ ಸುತ್ತು ಬಿಗಿದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಅಂಚಿಗೆ ಬಂದು ಸಿಕ್ಕಿಕೊಂಡರೆ ಒಳಗೆ ಸವೆತದ ಏಣು ಎದ್ದಿದೆ. ಬ್ಯಾಕ್ ಪ್ಲೇಟಿನ ರಬ್ಬರ್ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಿಂದ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಗೆಳೆಯಬೇಕು. ಸುಮ್ಮನೆ ಬಡಿದರೆ ಎರಕದ ಡ್ರಮ್ ಬಿರುಕು ಬಿಡುತ್ತದೆ. ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಡ್ರಮ್ ಒಂದೇ ಆಗಿರುವ ಕಾರಿನಲ್ಲಿ ಬೇರಿಂಗ್ ನಟ್ ಬಿಚ್ಚಬೇಕಾಗುತ್ತದೆ. ಹೊಸ ಸ್ಪ್ಲಿಟ್ ಪಿನ್ ಅಥವಾ ಹೊಸ ನಟ್, ಬೇರಿಂಗ್ ಬಿಗಿತದ ಸರಿಯಾದ ಅಂಕಿ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ.

ಒಳಗಿನ ಧೂಳನ್ನು ಗಾಳಿ ಹೊಡೆದು ಊದಬೇಡಿ, ಒಣ ಬ್ರಷ್ಷಿನಿಂದಲೂ ಕೆದರಬೇಡಿ. ಹಳೇ ಶೂಗಳ ಮೇಲಿನ, ಡ್ರಮ್ಮಿಗೆ ಉಜ್ಜುವ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಕುತ್ತು ತರುವ ರೋಗಗಳಿಗೆ ದಾರಿ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಚೆನ್ನಾಗಿ ತೋಯಿಸಿ, ಕೆಳಗೆ ತಟ್ಟೆ ಇಟ್ಟು ಹಿಡಿದು, ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟಿಡಿ. ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಸಣ್ಣ ಕಣ ತಡೆಯುವ ಮಾಸ್ಕ್ ಹಾಕಿ.

ಬ್ರೇಕ್ ದ್ರವದ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚನ್ನು ಮೆಲ್ಲಗೆ ಎತ್ತಿ ನೋಡುವುದು ಕಡ್ಡಾಯ. ಒಳಗೆ ದ್ರವ ನಿಂತಿದ್ದರೆ ಸಿಲಿಂಡರ್ ಸೋರುತ್ತಿದೆ. ಹೊಸ ಶೂ ಹಾಕುವ ಮೊದಲು ಅದನ್ನು ಬದಲಿಸಿ, ಬ್ರೇಕ್ ದ್ರವದೊಳಗೆ ಸೇರಿದ ಗಾಳಿ ತೆಗೆಯಲೇಬೇಕು. ಈ ಭಾಗ ಮೊದಲ ಸಲ ಮಾಡುವವರು ಗೊತ್ತಿರುವವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ.

ಶೂ ಸೆಟ್

ಲೈನಿಂಗ್ ಎಷ್ಟು ಉಳಿದಿದೆ ಎಂದು ಅಳೆಯುವುದರಲ್ಲೇ ತಪ್ಪಾಗುತ್ತದೆ. ಅಂಟಿಸಿದ ಲೈನಿಂಗ್ ಆದರೆ ಉಕ್ಕಿನ ಮೇಲಿನಿಂದ ಅಳತೆ, ರಿವೆಟ್ ಹೊಡೆದದ್ದಾದರೆ ರಿವೆಟ್ ತಲೆಯಿಂದ ಮೇಲಕ್ಕೆ. ಕಾರಿನ ಕೈಪಿಡಿಯಲ್ಲಿ ಕನಿಷ್ಠ ದಪ್ಪ ಕೊಟ್ಟಿರುತ್ತಾರೆ, ಹೆಚ್ಚಿನವರು 1 ರಿಂದ 1.5 ಮಿ.ಮೀ. ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಎಣ್ಣೆ ಅಥವಾ ಬ್ರೇಕ್ ದ್ರವ ಕುಡಿದ ಲೈನಿಂಗ್ ದಪ್ಪವಿದ್ದರೂ ಕೆಲಸಕ್ಕೆ ಬಾರದು. ತೊಳೆದು, ಕಾಯಿಸಿ, ಉಜ್ಜಿ ಮತ್ತೆ ಹಾಕಿದರೆ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬದಲಿಸುವಾಗ ಎಡ ಬಲ ನಾಲ್ಕೂ ಶೂ ಒಟ್ಟಿಗೇ ಬದಲಿಸಿ, ಒಂದೇ ಕಡೆ ಹೊಸದಾದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ.

ಶೂ ಎರಡು ರೂಪದಲ್ಲಿ ಸಿಗುತ್ತದೆ: ಬರೀ ಶೂ, ಮತ್ತು ಹ್ಯಾಂಡ್‌ಬ್ರೇಕ್ ಲಿವರ್ ಕೂಡಿಸಿದ ಶೂ. ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಲಿವರ್ ತಿರುಗುವ ಪಿನ್ನಿನ ಸುತ್ತ ತುಕ್ಕು ಕಟ್ಟುವುದು, ಹ್ಯಾಂಡ್‌ಬ್ರೇಕ್ ಬಿಡದಿರಲು ಮುಖ್ಯ ಕಾರಣಗಳಲ್ಲಿ ಒಂದು. ಹಳೇ ಲಿವರನ್ನು ಹೊಸ ಶೂಗೆ ವರ್ಗಾಯಿಸಿದರೆ ಆ ತುಕ್ಕನ್ನೂ ವರ್ಗಾಯಿಸಿದಂತೆ. ಬರೀ ಶೂ ಮಾತ್ರ ಸಿಕ್ಕಿದರೆ ಪಿನ್ ಮತ್ತು ತೂತನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಸಿ ತಾಳುವ ಗ್ರೀಸು ತೆಳುವಾಗಿ ಸವರಿ, ಹೊಸ ಕುದುರೆಲಾಳದ ಕ್ಲಿಪ್ ಹಾಕಿ. ತೆಗೆದ ಹಳೇ ಕ್ಲಿಪ್ಪಿನ ಬಾಯಿ ಅಗಲವಾಗಿರುತ್ತದೆ, ಅದನ್ನು ನಂಬಬೇಡಿ. ಕೂರಿಸಿದ ಮೇಲೆ ಲಿವರ್ ತನ್ನ ಭಾರಕ್ಕೆ ತಾನೇ ಇಳಿಯುವಷ್ಟು ಸಡಿಲವಾಗಿರಬೇಕು.

ಪೊಟ್ಟಣ ತೆರೆದ ಕೂಡಲೇ ಹೊಸ ಶೂವನ್ನು ಡ್ರಮ್ಮಿನೊಳಗೆ ಇಟ್ಟು ನೋಡಿ. ನಡುಭಾಗ ಡ್ರಮ್ಮಿಗೆ ತಾಗಿ ಎರಡು ತುದಿಗಳಲ್ಲಿ ಕಾಗದದಷ್ಟು ಸಂದು ಇದ್ದರೆ ಸರಿ. ತುದಿಗಳು ಮಾತ್ರ ತಾಗಿ ನಡು ಎದ್ದಿದ್ದರೆ ಆ ಶೂ ಕಚ್ಚಿ ಹಿಡಿಯುತ್ತದೆ, ಕಿರುಚುತ್ತದೆ. ವಾಪಸ್ ಕೊಡಿ. ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಗರಿಷ್ಠ ವ್ಯಾಸ ಅಚ್ಚಾಗಿರುತ್ತದೆ. ಅದನ್ನು ಮೀರಿದ ಡ್ರಮ್ಮಿಗೆ ಎಷ್ಟೇ ಒಳ್ಳೆಯ ಶೂ ಹಾಕಿದರೂ ಹಣ ಹಾಳು.

ಸ್ಪ್ರಿಂಗ್ ಕಿಟ್ ಮತ್ತು ಅಡ್ಜಸ್ಟರ್

ಸ್ಪ್ರಿಂಗ್ ಕಿಟ್ ಚಿಕ್ಕ ಪೊಟ್ಟಣ. ಮೇಲಿನ ಕೆಳಗಿನ ಎಳೆಯುವ ಸ್ಪ್ರಿಂಗುಗಳು, ಶೂವನ್ನು ಬ್ಯಾಕ್ ಪ್ಲೇಟಿಗೆ ಒತ್ತಿ ಹಿಡಿಯುವ ಪಿನ್ನು, ಸ್ಪ್ರಿಂಗು, ಬಟ್ಟಲು ವಾಷರು, ಕೆಲವು ಕಿಟ್ಟುಗಳಲ್ಲಿ ಅಡ್ಜಸ್ಟರಿನ ಸ್ಪ್ರಿಂಗು, ಕ್ಲಿಪ್ಪು ಇವಿಷ್ಟು. ಇಷ್ಟಕ್ಕೆ ಮೊದಲ ಸ್ಥಾನ ಯಾಕೆ? ಶೂ ಹಿಂದಕ್ಕೆ ಬರುವುದು ಈ ಸ್ಪ್ರಿಂಗುಗಳಿಂದಲೇ. ವರ್ಷಗಟ್ಟಲೆ ಬಿಸಿ ತಿಂದ ಸ್ಪ್ರಿಂಗ್ ಶೂವನ್ನು ಪೂರ್ತಿ ಎಳೆಯುವುದಿಲ್ಲ. ಲೈನಿಂಗ್ ಡ್ರಮ್ಮಿಗೆ ಮೆಲ್ಲಗೆ ಉಜ್ಜುತ್ತ ಹೋಗುತ್ತದೆ, ಡ್ರಮ್ ಬಿಸಿಯಾಗಿ ಸ್ಪ್ರಿಂಗ್ ಇನ್ನಷ್ಟು ಸೊರಗುತ್ತದೆ, ಹೊಸ ಶೂ ಕೂಡ ಬೇಗ ಸವೆಯುತ್ತದೆ. ಬಿಚ್ಚಿಟ್ಟ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆಳಕು ಕಂಡರೆ, ಬಣ್ಣ ನೀಲಿಗೆ ತಿರುಗಿದ್ದರೆ, ಕೊಕ್ಕೆ ಸವೆದು ತೆಳುವಾಗಿದ್ದರೆ ಅದು ಮುಗಿಯಿತು. ಕಿಟ್ ಕೊಳ್ಳುವಾಗ ಸ್ಪ್ರಿಂಗಿನ ಉದ್ದ, ತಂತಿಯ ದಪ್ಪ, ಕೊಕ್ಕೆ ತಿರುಗಿದ ದಿಕ್ಕು ಮೂರನ್ನೂ ಹಳೆಯದಕ್ಕೆ ಹೋಲಿಸಿ. ಅಗ್ಗದ ಕಿಟ್ಟುಗಳಲ್ಲಿ ಕೊಕ್ಕೆಯ ದಿಕ್ಕು ತಪ್ಪಿರುವುದುಂಟು. ಬಲವಂತಕ್ಕೆ ಕೂತರೂ ಓಡುವಾಗ ಕಳಚಿಕೊಳ್ಳುತ್ತದೆ.

ಅಡ್ಜಸ್ಟರನ್ನು ಬದಲಿಸುವ ಮೊದಲು ಶುಚಿ ಮಾಡಿ ನೋಡಿ. ನಕ್ಷತ್ರಚಕ್ರದ ಬಗೆಯದಾದರೆ ಮರೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕೊನೆಯಿಂದ ಕೊನೆಗೆ ಬರೀ ಬೆರಳಿನಿಂದ ತಿರುಗುವವರೆಗೆ ಬಿಡಿಸಿ, ಬಿಸಿ ತಾಳುವ ಗ್ರೀಸು ಸ್ವಲ್ಪವೇ ಹಚ್ಚಿ. ಹಲ್ಲುಗಳ ಮೂಲೆ ಮೊಂಡಾಗಿದ್ದರೆ ಮಾತ್ರ ಹೊಸದು ಬೇಕು. ಎಡದ ಮತ್ತು ಬಲದ ಅಡ್ಜಸ್ಟರಿನ ಮರೆ ಸಾಮಾನ್ಯವಾಗಿ ವಿರುದ್ಧ ದಿಕ್ಕಿನದು. ಅದಲುಬದಲಾದರೆ ಸ್ವಯಂ ಅಡ್ಜಸ್ಟ್ ವ್ಯವಸ್ಥೆ ಶೂವನ್ನು ಹೊರಗೆ ತಳ್ಳುವ ಬದಲು ಒಳಗೆಳೆಯುತ್ತದೆ. ಕೆಲಸವೆಲ್ಲ ಸರಿಯಾಗಿಯೇ ಮಾಡಿದಂತಿದ್ದು ದಿನದಿಂದ ದಿನಕ್ಕೆ ಪೆಡಲ್ ಇಳಿಯುತ್ತ ಹೋದರೆ ಮೊದಲು ಇದನ್ನೇ ನೋಡಿ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚುವುದು ಒಳ್ಳೆಯದು, ಜೋಡಣೆ ಮರೆತರೆ ನೋಡಲು ಒಂದು ಮಾದರಿ ಉಳಿದಿರುತ್ತದೆ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಹತ್ಯಾರ, ಸ್ಪ್ರೇ, ಗ್ರೀಸು

ಬ್ರೇಕ್ ಸ್ಪ್ರಿಂಗ್ ಇಕ್ಕಳ ಕೊಳ್ಳಲೇಬೇಕಾದದ್ದಲ್ಲ, ಆದರೆ ಅದಿದ್ದರೆ, ಸ್ಕ್ರೂಡ್ರೈವರಿನಿಂದ ಎಬ್ಬಿಸುವಾಗ ಆಗುವಂತೆ ಸ್ಪ್ರಿಂಗ್ ಮುಖಕ್ಕೆ ಹಾರುವುದು ತಪ್ಪುತ್ತದೆ. ಕನ್ನಡಕ ಹೇಗಿದ್ದರೂ ಹಾಕಿ. ಬಟ್ಟಲು ವಾಷರನ್ನು ಒತ್ತಿ ಕಾಲು ಸುತ್ತು ತಿರುಗಿಸುವ ಚಿಕ್ಕ ಹತ್ಯಾರ ಅಗ್ಗದ್ದಾದರೂ ಸಾಕು. ಹಿಂದಿನಿಂದ ಪಿನ್ ತಲೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಪಿನ್ನೂ ಜೊತೆಗೇ ತಿರುಗುತ್ತದೆ.

ಬ್ರೇಕ್ ಕ್ಲೀನರ್ ಎರಡು ಬಗೆ. ಕ್ಲೋರಿನ್ ಇಲ್ಲದ್ದು ಬೇಗ ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಇರುವುದು ಹೊತ್ತಿಕೊಳ್ಳುವುದಿಲ್ಲ, ಆದರೆ ಅದರ ಆವಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟುತ್ತದೆ. ಯಾವುದೇ ಇರಲಿ, ಗಾಳಿಯಾಡುವ ಜಾಗದಲ್ಲಿ ಬಳಸಿ, ಒಂದು ಕೆಲಸಕ್ಕೆ ಎರಡು ಡಬ್ಬಿ ಇಟ್ಟುಕೊಳ್ಳಿ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ. ಹಿಂದೆ ಎಣ್ಣೆಯ ಪದರ ಬಿಡುತ್ತವೆ.

ಗ್ರೀಸಿನಲ್ಲಿ ಜಿಪುಣತನವೇ ಒಳ್ಳೆಯದು. ಬ್ಯಾಕ್ ಪ್ಲೇಟಿನ ಮೇಲೆ ಶೂ ಅಂಚು ಉಜ್ಜುವ ಉಬ್ಬು ಜಾಗಗಳಿರುತ್ತವೆ, ಸಾಮಾನ್ಯವಾಗಿ ಒಂದು ಶೂಗೆ ಮೂರು. ಅಲ್ಲಿ ಗೀರು ಬಿದ್ದು ಹೊಂಡವಾಗಿದ್ದರೆ ಶೂ ಅಲ್ಲೇ ಸಿಕ್ಕಿ ನಿಲ್ಲುತ್ತದೆ, ನಯ ಮಾಡಿ. ಬ್ರೇಕಿಗೆಂದೇ ಮಾಡಿದ ಸೆರಾಮಿಕ್ ಬಗೆಯ ಬಿಸಿ ತಾಳುವ ಗ್ರೀಸನ್ನು ಬೆರಳ ತುದಿಯಲ್ಲಿ ತೆಳುವಾಗಿ ಸವರಿದರೆ ಸಾಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಕರಗಿ ಲೈನಿಂಗಿಗೆ ಹರಿಯುತ್ತದೆ. ಖನಿಜ ಎಣ್ಣೆಯ ಗ್ರೀಸು ಸಿಲಿಂಡರಿನ ರಬ್ಬರಿಗೆ ತಾಗಿದರೆ ರಬ್ಬರ್ ಉಬ್ಬುತ್ತದೆ.

ಹಿಂದೆ ಡಿಸ್ಕ್ ಇದ್ದು ಕ್ಯಾಲಿಪರಿನೊಳಗೇ (ಪಿಸ್ಟನ್ನಿನಿಂದ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹ್ಯಾಂಡ್‌ಬ್ರೇಕ್ ಇರುವ ಕಾರಾದರೆ ಪಿಸ್ಟನ್ ತಿರುಗಿಸುವ ಹತ್ಯಾರ ಬೇಕೇ ಬೇಕು. ಅಂಥ ಪಿಸ್ಟನ್ ಬಹುಪಾಲು ಕಾರುಗಳಲ್ಲಿ ಒತ್ತಿದರೆ ಒಳಗೆ ಹೋಗುವುದಿಲ್ಲ, ಒತ್ತುತ್ತ ತಿರುಗಿಸಬೇಕು. ಸಿ ಕ್ಲ್ಯಾಂಪ್ ಹಾಕಿ ಬಲವಂತ ಮಾಡಿದರೆ ಒಳಗಿನ ಸ್ಕ್ರೂ ವ್ಯವಸ್ಥೆ ಮುರಿದು ಕ್ಯಾಲಿಪರನ್ನೇ ಬದಲಿಸಬೇಕಾಗುತ್ತದೆ. ಚೌಕದ ಆಕಾರದ ಅಗ್ಗದ ಹತ್ಯಾರ ಜಾರುತ್ತದೆ, ಒತ್ತುವ ಬಲವನ್ನು ಕೈಯೇ ಕೊಡಬೇಕು. ಎಡಮರೆ ಬಲಮರೆ ಎರಡೂ ಇರುವ ಸೆಟ್ ಕೊಳ್ಳಿ. ಪಿಸ್ಟನ್ ಮುಖದ ಕಚ್ಚು, ಪ್ಯಾಡ್ ಹಿಂದಿನ ಗುಬುಟಿಗೆ ಸರಿಯಾಗಿ ಹೊಂದುವಂತೆ ನಿಲ್ಲಿಸಿ. ಡಿಸ್ಕಿನ ನಡುವೆ ಚಿಕ್ಕ ಡ್ರಮ್ ಇರುವ ಬಗೆಯಲ್ಲಿ ಶೂ ಸವೆಯುವುದಕ್ಕಿಂತ ಲೈನಿಂಗ್ ತುಕ್ಕಿನಿಂದ ಎದ್ದು ಬರುವುದು ಹೆಚ್ಚು. ಅಲ್ಲಿ ಸ್ಪ್ರಿಂಗ್ ಕಿಟ್ ಇನ್ನೂ ಮುಖ್ಯ.

ಬಿಗಿ ಮಾಡುವ ಕ್ರಮ

ಒಳ್ಳೆಯ ಭಾಗ ತಂದೂ ಕೆಲಸ ಕೆಡುವುದು ಇಲ್ಲಿ. ಲಿವರಿನ ಬುಡದ ನಟ್ಟಿಗೆ ಕೊನೆಯಲ್ಲಿ ಮಾತ್ರ ಕೈ ಹಾಕಬೇಕು. ಮೊದಲು ಅದನ್ನು ಪೂರ್ತಿ ಸಡಿಲಿಸಿ, ಎರಡೂ ಕಡೆ ಶೂ ಮೇಲಿನ ಲಿವರ್ ತನ್ನ ತಡೆಗೆ ಬಂದು ಕೂತಿದೆಯೇ ನೋಡಿ. ಕೇಬಲ್ ಒಂದಿಷ್ಟೇ ಎಳೆದು ಹಿಡಿದಿದ್ದರೂ ಆ ಲಿವರ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಗ ಸ್ವಯಂ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಶೂ ಸವೆದಷ್ಟೂ ಅಂತರ ಬೆಳೆಯುತ್ತದೆ, ಮತ್ತೆ ನಟ್ ಬಿಗಿಯುತ್ತಾರೆ, ಮರೆ ಮುಗಿದಾಗ ‘ಕೇಬಲ್ ಹಿಗ್ಗಿದೆ’ ಎಂದು ಕೇಬಲ್ ಬದಲಿಸುತ್ತಾರೆ.

ಆಮೇಲೆ ಡ್ರಮ್ ಹಾಕಿ, ನಕ್ಷತ್ರಚಕ್ರವನ್ನು ಚಕ್ರ ತಿರುಗದಷ್ಟು ಬಿಗಿ ಮಾಡಿ, ಲಘುವಾಗಿ ಉಜ್ಜುವ ಸದ್ದಿನೊಂದಿಗೆ ಚಕ್ರ ಬಿಡುವವರೆಗೆ ಹಿಂದಕ್ಕೆ ತಿರುಗಿಸಿ. ಬ್ರೇಕ್ ಪೆಡಲನ್ನು ಹಲವು ಸಲ ಗಟ್ಟಿಯಾಗಿ ಒತ್ತಿದರೆ ಶೂಗಳು ನಡುವಿಗೆ ಬಂದು ಕೂರುತ್ತವೆ. ಉಜ್ಜು ಮತ್ತೆ ನೋಡಿ, ಬೇಕಾದರೆ ಇನ್ನೊಂದು ಹಲ್ಲು. ಎರಡೂ ಚಕ್ರ ಸಮನಾದ ಮೇಲೆ ಕೇಬಲ್ ಸರದಿ. ಹೊಸ ಕೇಬಲ್ ಆದರೆ ಮೊದಲು ಲಿವರನ್ನು ಹತ್ತಾರು ಸಲ ಜೋರಾಗಿ ಎತ್ತಿ ಇಳಿಸಿ, ತಂತಿ ಕವಚದಲ್ಲಿ ಕೂರಲಿ. ನಂತರ ನಟ್ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬನ್ನಿ. ಲಿವರ್ ಪೂರ್ತಿ ಕೆಳಗಿದ್ದಾಗ ಚಕ್ರ ನಿರಾಳವಾಗಿ ತಿರುಗಬೇಕು, ಎರಡನೇ ಹಲ್ಲಿನ ಆಸುಪಾಸಿನಲ್ಲಿ ಹಿಡಿತ ಶುರುವಾಗಬೇಕು, ಐದಾರು ಹಲ್ಲಿಗೆ ಎರಡೂ ಚಕ್ರ ಕೈಯಿಂದ ಅಲುಗದಂತೆ ನಿಲ್ಲಬೇಕು. ಸರಿಯಾದ ಹಲ್ಲಿನ ಸಂಖ್ಯೆ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿಯ ಅಂಕಿಯೇ ಕೊನೆಯ ಮಾತು. ಲಾಕ್ ನಟ್ ಇದ್ದರೆ ಬಿಗಿಯಿರಿ, ಚಕ್ರದ ನಟ್ಟುಗಳನ್ನು ಕಾರು ನೆಲಕ್ಕಿಳಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಕೊನೆಯ ಬಿಗಿ ಮಾಡಿ.

ಪರೀಕ್ಷೆಗೆ ಒಂದು ಅಳತೆಗೋಲು ಇದೆ. ಪ್ರಯಾಣಿಕ ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ನಿಯಮ 13-ಎಚ್ ಪ್ರಕಾರ ಪಾರ್ಕಿಂಗ್ ಬ್ರೇಕ್ ಪೂರ್ತಿ ಭಾರ ಹೊತ್ತ ಕಾರನ್ನು ಶೇ. 20ರ ಏರಿನಲ್ಲೂ ಇಳಿಜಾರಿನಲ್ಲೂ ನಿಲ್ಲಿಸಬೇಕು, ಕೈಯ ಎಳೆತ 400 ನ್ಯೂಟನ್ ಮೀರಬಾರದು. ಅಂದರೆ 100 ಮೀಟರಿಗೆ 20 ಮೀಟರ್ ಏರುವ ದಾರಿ, ಸುಮಾರು 40 ಕಿಲೋ ತೂಕ ಎತ್ತುವಷ್ಟು ಬಲ. ಹಳೇ ಕಾರು ಈ ನಿಯಮಕ್ಕಿಂತ ಹಿಂದಿನದಾದರೂ ಗುರಿ ಇದೇ ಇರಲಿ. ಜನ ಇಲ್ಲದ ಇಳಿಜಾರಿನಲ್ಲಿ ಕಾಲು ಪೆಡಲ್ ಬಳಿಯೇ ಇಟ್ಟುಕೊಂಡು ಮುಖ ಮೇಲಕ್ಕೆ ಒಮ್ಮೆ, ಕೆಳಕ್ಕೆ ಒಮ್ಮೆ ನಿಲ್ಲಿಸಿ ನೋಡಿ. ಕೆಲವು ಡ್ರಮ್ಮುಗಳು ಒಂದು ದಿಕ್ಕಿಗೆ ಮಾತ್ರ ಚೆನ್ನಾಗಿ ಹಿಡಿಯುತ್ತವೆ.

ಆಮೇಲೆ ಬ್ರೇಕ್ ಹೆಚ್ಚು ಬಳಸದೆ ಐದಾರು ಕಿಲೋಮೀಟರ್ ಓಡಿಸಿ, ಹಿಂಚಕ್ರಗಳ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ. ಒಂದು ಕಡೆ ಮಾತ್ರ ಕಾವು ಹೆಚ್ಚಾಗಿದ್ದರೆ ಆ ಕಡೆ ಶೂ ಉಜ್ಜುತ್ತಿದೆ, ಅಡ್ಜಸ್ಟರನ್ನು ಒಂದೆರಡು ಹಲ್ಲು ಹಿಂದಕ್ಕೆ ಬಿಡಿ. ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಸ್ವಲ್ಪ ಕಡಿಮೆಯೇ ಇರುತ್ತದೆ, ಆ ಅವಧಿಯಲ್ಲಿ ಕಡಿದಾದ ಜಾಗದಲ್ಲಿ ನಿಲ್ಲಿಸುವಾಗ ಗೇರ್ ಹಾಕಿ, ಚಕ್ರಕ್ಕೆ ಅಡೆಯನ್ನೂ ಕೊಡಿ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಲಿವರ್ ಮೊದಲಿಗಿಂತ ಎರಡು ಹಲ್ಲು ಮೇಲೆ ಬಂದಿದ್ದರೆ ಶೂ ಅಂತರವನ್ನು ಮತ್ತೊಮ್ಮೆ ನೋಡಿ, ಅದು ಸರಿಯಿದ್ದರೆ ಮಾತ್ರ ಕೇಬಲ್ ನಟ್ಟಿಗೆ ಸ್ಪ್ಯಾನರ್ ಹಾಕಿ.